ಕೈಯ ಒಡಕು, ಬೆರಳ ಬಾವು ಮತ್ತು ಮನೆಮದ್ದಿನ ಮೇರೆ

ದೀಪಾವಳಿ ಕಳೆದು ನಮ್ಮ ಬಯಲುಸೀಮೆಯಲ್ಲಿ ಒಣಗಾಳಿ ಬೀಸತೊಡಗಿತೆಂದರೆ ಒಂದೇ ಬಗೆಯ ಪ್ರಶ್ನೆ ಹಲವು ಕಡೆಯಿಂದ ನನಗೆ ಬರುತ್ತದೆ. "ಟೀಚರ್, ನೀವು ಕೈಗೆ ಏನು ಹಚ್ಚುತ್ತೀರಿ?" ಎಂದು ಹಳೆಯ ವಿದ್ಯಾರ್ಥಿನಿಯರು ಕೇಳುತ್ತಾರೆ. "ಅತ್ತಿಗೇ, ಆ ಎಣ್ಣೆಯ ಹೆಸರು ಒಂದಿಷ್ಟು ಹೇಳಿ" ಎಂದು ಬಂಧುಗಳು ಕೇಳುತ್ತಾರೆ. ನನಗೆ ಸೋರಿಯಾಸಿಸ್ ಇರುವುದು, ಅದರ ಬೆನ್ನಿಗೆ ಕೀಲುವಾತವೂ ಬಂದಿರುವುದು ನಿಮ್ಮಲ್ಲಿ ಬಹುತೇಕರಿಗೆ ಗೊತ್ತು. ಕಪ್ಪುಹಲಗೆಯ ಮುಂದೆ ಮೂರು ದಶಕ ನಿಂತವಳ ಕೈಯನ್ನು ನಿಮಗಿಂತ ಚೆನ್ನಾಗಿ ನೋಡಿದವರು ಇನ್ನಾರು! ಹಚ್ಚುವುದೇನೆಂದು ಹೇಳಲು ಸಂಕೋಚವಿಲ್ಲ. ಆದರೆ ಪ್ರಶ್ನೆ ಅಷ್ಟಕ್ಕೇ ನಿಲ್ಲುವುದು ನನಗೆ ಸರಿಕಾಣದು. ಒಡೆದ ಚರ್ಮದ ಆರೈಕೆ ಮನೆಯ ಕೆಲಸ. ಅದನ್ನು ಯಾವ ವೈದ್ಯರೂ ನಮ್ಮ ಪರವಾಗಿ ಮಾಡಲಾರರು. ಬಾತುಕೊಂಡ ಬೆರಳಿನ ಚಿಕಿತ್ಸೆ ಮಾತ್ರ ಮನೆಯ ಕೆಲಸವಲ್ಲ. ಈ ಎರಡರ ನಡುವಣ ಗೆರೆಯನ್ನು ಅಳಿಸಿಹಾಕಿದ್ದರಿಂದಲೇ ನಮ್ಮ ಸುತ್ತಮುತ್ತ ಎಷ್ಟೋ ಕೈಗಳು ಕೆಟ್ಟಿವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಕಾಯಿಲೆಯ ಸ್ವರೂಪ. ಆರೋಗ್ಯವಂತರ ಚರ್ಮದ ಮೇಲ್ಪದರ ಹೊಸದಾಗಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಸೋರಿಯಾಸಿಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಅದೇ ಕೆಲಸ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಉದುರಲು ಪುರಸೊತ್ತಿಲ್ಲದೆ ಚರ್ಮ ಪದರ ಪದರವಾಗಿ ಕೂಡಿಕೊಳ್ಳುತ್ತದೆ, ಅಂಗೈಯಲ್ಲಾದರೆ ದಪ್ಪವಾಗಿ ಬಿರಿಯುತ್ತದೆ. ಬಹುಕಾಲ ಇದನ್ನು ಕುಷ್ಠದೊಂದಿಗೆ ಸೇರಿಸಿ ನೋಡುತ್ತಿದ್ದರು. ವಿಯೆನ್ನಾದ ವೈದ್ಯ ಫರ್ಡಿನಾಂಡ್ ಹೆಬ್ರಾ 1841ರಲ್ಲಿ ಇವೆರಡೂ ಬೇರೆ ಎಂದು ಸ್ಪಷ್ಟಪಡಿಸಿದ. ನಮ್ಮ ಓಣಿಗಳಿಗೆ ಆ ಸುದ್ದಿ ಇನ್ನೂ ಪೂರ್ತಿ ತಲುಪಿದಂತಿಲ್ಲ! ಇದು ಅಂಟುರೋಗವಲ್ಲ, ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಕೈಯಿಂದ ಕುಂಕುಮ ಪಡೆದರೆ ಹರಡುವುದಿಲ್ಲ.

ಸೋರಿಯಾಸಿಸ್ ಇರುವವರಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಜನರಿಗೆ ಕೀಲುಗಳಿಗೂ ಅದು ಇಳಿಯಬಹುದು. ಸಾಮಾನ್ಯವಾಗಿ ಚರ್ಮದಲ್ಲಿ ಕಾಣಿಸಿಕೊಂಡು ಹತ್ತು ವರ್ಷದ ಸುಮಾರಿಗೆ ಕೀಲಿನ ಸರದಿ ಬರುತ್ತದೆ. ಕೆಲವರಲ್ಲಿ ಕೀಲೇ ಮೊದಲು. ಇಂಗ್ಲೆಂಡಿನ ಮಾಲ್ ಮತ್ತು ರೈಟ್ ಎಂಬ ವೈದ್ಯರು 1973ರಲ್ಲಿ ಇದರ ಲಕ್ಷಣಗಳನ್ನು ವಿಂಗಡಿಸಿ ಬರೆದರು. ನೆನಪಿಡಬೇಕಾದವು ಇಷ್ಟು: ಉಗುರಿನ ಮೇಲೆ ಸೂಜಿಮೊನೆಯಿಂದ ಚುಚ್ಚಿದಂಥ ಸಣ್ಣ ಗುಳಿಗಳು, ಉಗುರು ಬುಡದಿಂದ ಬಿಟ್ಟುಕೊಳ್ಳುವುದು, ಉಗುರಿಗೆ ಹತ್ತಿರದ ತುದಿಗೆಣ್ಣಿನಲ್ಲಿ ನೋವು, ಒಂದು ಬೆರಳು ಬುಡದಿಂದ ತುದಿಯವರೆಗೆ ಬಾಳೆಕಾಯಿಯಂತೆ ಊದಿಕೊಳ್ಳುವುದು, ಹಿಮ್ಮಡಿಯಲ್ಲಿ ಸ್ನಾಯು ಮೂಳೆಗೆ ಕೂಡುವಲ್ಲಿ ನೋವು, ಬೆಳಗ್ಗೆ ಎದ್ದ ಮೇಲೆ ಅರ್ಧ ಗಂಟೆಗೂ ಮಿಕ್ಕಿ ಕೈ ಮಡಚಲು ಬಾರದಿರುವುದು. ರಕ್ತದಲ್ಲಿ 'ಆರ್.ಎ. ಫ್ಯಾಕ್ಟರ್' ನೋಡಿ, ಇಲ್ಲವೆಂದು ಬಂದರೆ ವಾತವೇ ಇಲ್ಲವೆಂದು ಹೇಳಿ ಕಳಿಸುವವರಿದ್ದಾರೆ. ನನಗೂ ಒಂದು ಕಡೆ ಹಾಗೆಯೇ ಹೇಳಿ, "ವಯಸ್ಸಾಯ್ತಲ್ಲಮ್ಮ" ಎಂದು ನೋವಿನ ಮಾತ್ರೆ ಕೊಟ್ಟಿದ್ದರು. ಈ ಕಾಯಿಲೆಯಲ್ಲಿ ಆ ಪರೀಕ್ಷೆ ಬಹುಮಟ್ಟಿಗೆ ಇಲ್ಲವೆಂದೇ ಬರುವುದು. ಹಾಗೆ ಬರುವುದು ಕೂಡ ಇದನ್ನು ಗುರುತಿಸುವ ಒಂದು ಸೂಚನೆ. ನನ್ನ ಕಾಯಿಲೆಯನ್ನು ಮುಂದೆ ಪತ್ತೆಹಚ್ಚಿದವರು ಚರ್ಮದ ವೈದ್ಯರು, ಅದೂ ಉಗುರು ನೋಡಿ.

ಇನ್ನು ಕೈ ಒಡೆದದ್ದೆಲ್ಲ ಸೋರಿಯಾಸಿಸ್ ಅಲ್ಲ. ಗಾರೆ ಕೆಲಸದವರ ಕೈ ಸಿಮೆಂಟಿನಲ್ಲಿರುವ ಕ್ರೋಮಿಯಂ ಲವಣದಿಂದ ಒಡೆಯಬಹುದು. ಸೋಪು, ಬ್ಲೀಚಿಂಗ್ ಪುಡಿಯಿಂದ ಇಸುಬು ಆಗಬಹುದು. ಒಂದೇ ಅಂಗೈ ಒಣಗಿ ಸುಲಿಯುತ್ತಿದ್ದರೆ ಶಿಲೀಂಧ್ರವೂ ಇರಬಹುದು. ಒಮ್ಮೆ ವೈದ್ಯರಿಗೆ ತೋರಿಸಿ ಹೆಸರು ತಿಳಿದುಕೊಂಡ ಮೇಲೆ ಮನೆಯ ಆರೈಕೆ.

ಆ ಆರೈಕೆಯ ವಿಷಯಕ್ಕೆ ಬರುತ್ತೇನೆ. ಇಲ್ಲೊಂದು ವಿಚಿತ್ರ ಇಕ್ಕಟ್ಟಿದೆ. ಬಿಗಿದ ಕೀಲಿಗೆ ಬಿಸಿ ಬೇಕು. ಒಡೆದ ಚರ್ಮಕ್ಕೆ ಬಿಸಿನೀರು ಶತ್ರು. ಬಿಸಿನೀರಿನಲ್ಲಿ ಕೈ ಇಟ್ಟು ಕುಳಿತರೆ ಬೆರಳು ಸಡಿಲಾಗುತ್ತದೆ ನಿಜ, ಆದರೆ ಚರ್ಮದಲ್ಲಿದ್ದ ಅಷ್ಟಿಷ್ಟು ಜಿಡ್ಡು ಕರಗಿ ಹೋಗಿ ಸಂಜೆಯ ಹೊತ್ತಿಗೆ ಬಿರುಕು ಇನ್ನಷ್ಟು ಆಳವಾಗಿರುತ್ತದೆ. ನಾನು ಕಂಡುಕೊಂಡ ಹದ ಇದು. ನೀರು ಉಗುರುಬೆಚ್ಚಗಿರಬೇಕು, ಮಗುವಿಗೆ ಎರೆಯುವ ನೀರಿಗಿಂತಲೂ ತಣ್ಣಗೆ. ಹತ್ತು ನಿಮಿಷ ಸಾಕು. ನೀರಿನೊಳಗೇ ಮುಷ್ಟಿ ಕಟ್ಟಿ ಬಿಚ್ಚಿ, ಹೆಬ್ಬೆರಳನ್ನು ಒಂದೊಂದೇ ಬೆರಳಿಗೆ ತಾಗಿಸಬೇಕು. ಹೊರತೆಗೆದು ಉಜ್ಜದೆ ಒತ್ತಿ ಒರೆಸಿ, ಇನ್ನೂ ಪಸೆ ಇರುವಾಗಲೇ, ಎಂದರೆ ಮೂರು ನಿಮಿಷದೊಳಗೆ, ಜಿಡ್ಡು ಹಚ್ಚಿಬಿಡಬೇಕು. ಒಣಗಿದ ಕೈಗೆ ಎಷ್ಟು ಎಣ್ಣೆ ಬಳಿದರೂ ಒಳಗೆ ತೇವವಿಲ್ಲದಿದ್ದರೆ ಹಿಡಿದಿಡುವುದೇನನ್ನು?

ಯಾವ ಜಿಡ್ಡು ಎಂಬುದರಲ್ಲಿ ನನಗೆ ಪಕ್ಷಪಾತವಿಲ್ಲ. ಮಲೆನಾಡಿನ ಬಂಧುಗಳು ಮುರುಗಲ ತುಪ್ಪ ಕಳಿಸಿದ ವರ್ಷ ಅದನ್ನೇ ಹಚ್ಚಿದೆ. ಹಿಮ್ಮಡಿಗೆ ಬಲು ಸೊಗಸು. ಕೊಬ್ಬರಿ ಎಣ್ಣೆ ಹಗಲಿಗೆ, ಬಿಳಿಯ ವ್ಯಾಸಲೀನ್ ರಾತ್ರಿಗೆ. ಆಯುರ್ವೇದದವರು ಹೇಳುವ ಶತಧೌತ ಘೃತ, ಎಂದರೆ ನೂರು ಬಾರಿ ನೀರಿನಲ್ಲಿ ತೊಳೆದ ತುಪ್ಪ, ಕೂಡ ಚರ್ಮವನ್ನು ತಂಪಾಗಿ ಮೆತ್ತಗಿಡುತ್ತದೆ; ಆದರೆ ನೂರು ಬಾರಿ ತೊಳೆಯುವಷ್ಟು ಬೆರಳು ಗಟ್ಟಿಯಿದ್ದರೆ ಆ ತುಪ್ಪ ಬೇಕಾಗುತ್ತಲೇ ಇರಲಿಲ್ಲ! ದಪ್ಪಗಟ್ಟಿದ ಅಂಗೈಗೆ ವೈದ್ಯರು ಯೂರಿಯಾ ಇರುವ ಮುಲಾಮು ಬರೆದುಕೊಡುತ್ತಾರೆ. ಯೂರಿಯಾ ಎಂದರೆ ಗದ್ದೆಗೆ ಎರಚುವ ಗೊಬ್ಬರವಲ್ಲವೇ ಎಂದು ನಗಬೇಡಿ. ನಮ್ಮ ಚರ್ಮದಲ್ಲಿಯೂ ಸಹಜವಾಗಿ ಇರುವ, ನೀರನ್ನು ಹಿಡಿದಿಡುವ ವಸ್ತು ಅದು. ಹಸಿ ಸೀಳಿನ ಮೇಲೆ ಮಾತ್ರ ಉರಿಯುತ್ತದೆ. ಅಲ್ಲಿಗೆ ವ್ಯಾಸಲೀನೇ ಸರಿ. ಹಚ್ಚಿದ ಮೇಲೆ ರಾತ್ರಿ ಹತ್ತಿಯ ಕೈಗವಸು. (ಹತ್ತಿ ಗಿರಣಿಗಳಿಂದಾಗಿ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯಲ್ಲಿ ಒಂದು ಜೊತೆ ಹತ್ತಿಯ ಕೈಗವಸಿಗಾಗಿ ಮೂರು ಅಂಗಡಿ ಅಲೆದಿದ್ದೇನೆ.) ಪಾತ್ರೆ ತೊಳೆಯುವಾಗ, ಬಟ್ಟೆ ಒಗೆಯುವಾಗ ಒಳಗೆ ಹತ್ತಿಯದು, ಮೇಲೆ ರಬ್ಬರಿನದು, ಬರಿಯ ರಬ್ಬರಿನೊಳಗೆ ಬೆವೆತ ಕೈ ಇನ್ನಷ್ಟು ಕೆಡುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ರೊಟ್ಟಿ. ನಮ್ಮ ಕಡೆಯ ಮನೆಗಳಲ್ಲಿ ಜೋಳದ ರೊಟ್ಟಿಯಿಲ್ಲದೆ ಊಟವಿಲ್ಲ. ಕುದಿಯುವ ಎಸರು ಹಾಕಿ ಕಲಸಬೇಕು, ಬಿಸಿಯಿದ್ದಾಗಲೇ ನಾದಬೇಕು, ಅಂಗೈಯಿಂದ ಬಡಿಯಬೇಕು. ಶಾಖ, ಒಣಹಿಟ್ಟು, ಒಂದೇ ಸಮನೆ ಪೆಟ್ಟು, ಮೂರೂ ಈ ಕಾಯಿಲೆಗೆ ಒಗ್ಗದವು. ಚರ್ಮಕ್ಕೆ ಪೆಟ್ಟು, ಗಾಯ ಬಿದ್ದಲ್ಲೇ ಸೋರಿಯಾಸಿಸ್ ಹೊಸದಾಗಿ ಮೂಡುತ್ತದೆಂದು ಕೋಬ್ನರ್ ಎಂಬ ಜರ್ಮನ್ ವೈದ್ಯ 1870ರ ದಶಕದಲ್ಲೇ ಕಂಡುಕೊಂಡಿದ್ದ. ಆದ್ದರಿಂದಲೇ ಹೊಟ್ಟು ಕಿತ್ತುವುದು, ಬಿರುಕಿನ ಅಂಚನ್ನು ಬ್ಲೇಡಿನಿಂದ ಕತ್ತರಿಸುವುದು ಕೂಡದು. ಹಿಟ್ಟನ್ನು ಸೌಟಿನಿಂದ ತಿರುವಿ, ಆರಿದ ಮೇಲೆ ನಾದಿ, ಲಟ್ಟಣಿಗೆಯಿಂದ ಲಟ್ಟಿಸಿ. "ಲಟ್ಟಿಸಿದ ರೊಟ್ಟಿ ರೊಟ್ಟಿಯೇ ಅಲ್ಲ" ಎನ್ನುವ ಅತ್ತೆಯಂದಿರೂ ಗಂಡಂದಿರೂ ಇರುತ್ತಾರೆ. ಅವರೇ ಬಡಿದುಕೊಳ್ಳಲಿ ಎಂಬುದು ನನ್ನ ನಿಲುವು. ಲಟ್ಟಣಿಗೆ, ಈಳಿಗೆ, ಚಾಕುಗಳ ಹಿಡಿಗೆ ಹಳೆಯ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡರೆ ಬೆರಳ ಗೆಣ್ಣಿನ ಮೇಲೆ ಭಾರ ಕಡಿಮೆ. ತುಂಬಿದ ಕೊಡವನ್ನು ಬೆರಳಿಗೆ ನೇತುಹಾಕದೆ ಮೊಣಕೈ ಬಳಸಿ ಎತ್ತಿಕೊಳ್ಳಿ. ಕೊಳವೆಬಾವಿಯ ಗಡಸು ನೀರಿಗೆ ಸೋಪು ಹೆಚ್ಚು ಬೇಕು, ಸೋಪು ಹೆಚ್ಚಾದಷ್ಟೂ ಕೈ ಒಣಗುತ್ತದೆ. ಕೈ ತೊಳೆಯಲಾದರೂ ನಲ್ಲಿಯ ನೀರು ಎತ್ತಿಟ್ಟುಕೊಳ್ಳಿ.

ಪಥ್ಯದ ಬಗ್ಗೆ ಎರಡು ಮಾತು. ಬದನೆಕಾಯಿ ನಂಜು, ಕುಂಬಳ ನಂಜು ಎಂದು ಬಿಡಿಸುತ್ತಾ ಹೋದರೆ ಕೊನೆಗೆ ತಟ್ಟೆಯಲ್ಲಿ ಉಳಿಯುವುದು ಅನ್ನ ಮಜ್ಜಿಗೆ. ಬದನೆ ಬಿಟ್ಟು ಸೋರಿಯಾಸಿಸ್ ವಾಸಿಯಾದುದಕ್ಕೆ ಪುರಾವೆಯಿಲ್ಲ. ಮೈತೂಕ ಇಳಿಸಿದರೆ ಕೀಲಿನ ಉರಿಯೂತ ತಗ್ಗುತ್ತದೆ ಎಂಬುದಕ್ಕೆ, ಬೀಡಿ ಸಿಗರೇಟು ಹೆಂಡಗಳಿಂದ ಕಾಯಿಲೆ ಬಿಗಡಾಯಿಸುತ್ತದೆ ಎಂಬುದಕ್ಕೆ ಪುರಾವೆಯಿದೆ. ನಮ್ಮ ಪಥ್ಯ ಹೇಳುವವರು ಇವನ್ನು ಮಾತ್ರ ಬಿಡಿಸುವುದಿಲ್ಲ.

ಇಲ್ಲಿಯವರೆಗೆ ಮನೆಯ ಮೇರೆ. ಇಷ್ಟನ್ನೂ ಶ್ರದ್ಧೆಯಿಂದ ಮಾಡಿದರೆ ಚರ್ಮ ಮೆತ್ತಗಾಗುತ್ತದೆ, ನೋವು ತಗ್ಗುತ್ತದೆ. ಕೀಲಿನೊಳಗೆ ನಡೆಯುತ್ತಿರುವ ಸವೆತವನ್ನು ಯಾವ ಎಣ್ಣೆಯೂ ತಡೆಯದು. ರೋಗ ಗುರುತಿಸುವುದು ಆರು ತಿಂಗಳಿಗಿಂತ ತಡವಾದವರಲ್ಲಿ ಮೂಳೆಯ ಸವೆತವೂ ಕೈಕಾಲಿನ ಅಸಾಮರ್ಥ್ಯವೂ ಹೆಚ್ಚೆಂದು ಡಬ್ಲಿನ್ ನಗರದ ವೈದ್ಯರು 2015ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಆರು ತಿಂಗಳು! ನಮ್ಮಲ್ಲಿ ಒಂದು ಎಣ್ಣೆಯಿಂದ ಇನ್ನೊಂದು ಎಣ್ಣೆಗೆ ಹೋಗುವಷ್ಟರಲ್ಲಿ ಅಷ್ಟು ಕಾಲ ಕಳೆದುಹೋಗಿರುತ್ತದೆ.

ಆವರಗೆರೆಯ ನಮ್ಮ ಓಣಿಯಿಂದ ಪೇಟೆಯ ಖಾನಾವಳಿಯೊಂದಕ್ಕೆ ರೊಟ್ಟಿ ಬಡಿಯಲು ಹೋಗುತ್ತಿದ್ದ ಹೆಣ್ಣುಮಗಳೊಬ್ಬಳಿದ್ದಳು. ಅಂಗೈ ಒಡೆದಿತ್ತು, ಎರಡು ಬೆರಳು ಊದಿದ್ದವು. ಉಣ್ಣಲು ಬಂದವರಾರೋ ಅವಳ ಕೈ ನೋಡಿ ಗೊಣಗಿದರೆಂದು ಕೆಲಸ ಬಿಡಿಸಿದರು. ಕೆಲಸ ಮರಳಿ ಸಿಗಬೇಕಾದರೆ ಕೈ ಬೇಗ ವಾಸಿಯಾಗಬೇಕು. ಬೇಗ ವಾಸಿಮಾಡುವೆನೆಂದವನು ಸಂತೆಯಲ್ಲಿ ಸಿಕ್ಕ. ಹೆಸರಿಲ್ಲದ ಪುಡಿ, ದಿನಕ್ಕೆ ಎರಡು ಪೊಟ್ಟಣ. ಹತ್ತೇ ದಿನದಲ್ಲಿ ಕೈ ನುಣುಪಾಯಿತು, ಬೆರಳ ಬಾವು ಇಳಿಯಿತು. "ನೋಡ್ರಿ ಟೀಚರ್, ನಿಮ್ಮ ಡಾಕ್ಟ್ರು ವರ್ಷಗಟ್ಟಲೆ ಮಾಡಿದ್ದು" ಎಂದು ಕೈ ಚಾಚಿ ತೋರಿಸಿದಳು. ನನಗೆ ಸಂತೋಷವಾಗಲಿಲ್ಲ, ಭಯವಾಯಿತು. ಅಷ್ಟು ವೇಗವಾಗಿ ಕೆಲಸ ಮಾಡುವ ಹೆಸರಿಲ್ಲದ ಪುಡಿಯಲ್ಲಿ ಸ್ಟಿರಾಯ್ಡ್ ಇರುವ ಸಂಭವವೇ ಹೆಚ್ಚು. ಇಂಥ ಪುಡಿಗಳಲ್ಲಿ ಅದು ಬೆರೆತಿರುವುದು ನಮ್ಮ ದೇಶದ ಪ್ರಯೋಗಾಲಯಗಳಲ್ಲಿ ಹಲವು ಬಾರಿ ಪತ್ತೆಯಾಗಿದೆ. ಹೇಳಿದೆ. ಕೇಳುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಕೆಲವು ತಿಂಗಳ ನಂತರ ಹಣ ಸಾಲದೆ ಪುಡಿ ನಿಲ್ಲಿಸಿದಳು. ಸೋರಿಯಾಸಿಸ್ ಇರುವವರು ಸ್ಟಿರಾಯ್ಡನ್ನು ಹೊಟ್ಟೆಗೆ ತೆಗೆದುಕೊಂಡು ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಇಮ್ಮಡಿಸಿ ಮರಳಬಹುದು. ಮೈತುಂಬ ಕೆಂಪಾಗಿ ಕೀವಿನ ಗುಳ್ಳೆಗಳೆದ್ದು, ಚಳಿಜ್ವರದಲ್ಲಿ ಅವಳನ್ನು ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಸೇರಿಸಬೇಕಾಯಿತು. ಜೀವ ಉಳಿಯಿತು.

ಪುಡಿಯನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಔಷಧಿ ಅಂಗಡಿಯಲ್ಲಿ "ಕೈ ಒಡಕಿಗೆ ಒಂದು ಟ್ಯೂಬು ಕೊಡಿ" ಎಂದರೆ ಕ್ಲೋಬೆಟಾಸಾಲ್ ಇರುವ ಟ್ಯೂಬು ಬರುತ್ತದೆ. ಇಂಥ 14 ಸ್ಟಿರಾಯ್ಡ್ ಮುಲಾಮುಗಳನ್ನು ಕೇಂದ್ರ ಸರ್ಕಾರ 2018ರ ಮಾರ್ಚಿನಲ್ಲಿ ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ವೈದ್ಯರು ಇಂತಿಷ್ಟು ದಿನ ಎಂದು ಬರೆದುಕೊಟ್ಟಾಗ ಅದು ಒಳ್ಳೆಯ ಔಷಧಿಯೇ. ವರ್ಷಗಟ್ಟಲೆ ನಾವೇ ಬಳಿದುಕೊಂಡರೆ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಗುತ್ತದೆ.

ಹಾಗಾದರೆ ಬಡವರಿಗೆ ದಾರಿಯೇನು? ಈ ಕೀಲುವಾತಕ್ಕೆ ಬಹುಕಾಲದಿಂದ ಕೊಡುತ್ತಿರುವ ಮೆಥೊಟ್ರೆಕ್ಸೇಟ್ ದುಬಾರಿಯಲ್ಲ. ಅದು ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಅದರ ಮೂಲದಲ್ಲಿ ನಮ್ಮ ನೆರೆಯ ಆಂಧ್ರದ ಭೀಮವರದಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಇದ್ದಾರೆ. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಅವರ ತಂಡ ರಕ್ತದ ಕ್ಯಾನ್ಸರಿಗಾಗಿ ರೂಪಿಸಿದ ಅಮಿನೊಪ್ಟೆರಿನ್ ಸೋರಿಯಾಸಿಸ್ಸನ್ನೂ ತಗ್ಗಿಸುತ್ತದೆಂದು 1951ರಲ್ಲಿ, ಅವರು ತೀರಿಕೊಂಡ ಮೂರು ವರ್ಷದ ಮೇಲೆ, ಗೊತ್ತಾಯಿತು. ಮೆಥೊಟ್ರೆಕ್ಸೇಟ್ ಅದರ ತಮ್ಮ. ಒಂದು ಎಚ್ಚರಿಕೆಯನ್ನು ತರಗತಿಯಲ್ಲಿ ಹೇಳುತ್ತಿದ್ದಂತೆ ಎರಡು ಬಾರಿ ಹೇಳುತ್ತೇನೆ: ವಾರಕ್ಕೆ ಒಂದು ದಿನ, ವಾರಕ್ಕೆ ಒಂದೇ ದಿನ. ದಿನಾ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ನನ್ನದು ಭಾನುವಾರ; ಕ್ಯಾಲೆಂಡರಿನಲ್ಲಿ ಗುರುತು ಹಾಕಿಯೇ ನುಂಗುವುದು. ಜೊತೆಗೆ ಬೇರೆ ದಿನ ಫೋಲಿಕ್ ಆಸಿಡ್, ಕಾಲಕಾಲಕ್ಕೆ ರಕ್ತ ಮತ್ತು ಯಕೃತ್ತಿನ ಪರೀಕ್ಷೆ. ಬಸುರಿಯರಿಗೆ, ಬಸುರಿಯಾಗಲು ಬಯಸುವವರಿಗೆ ಇದು ಸಲ್ಲದು. ಮದುವೆಯಾದ ನನ್ನ ವಿದ್ಯಾರ್ಥಿನಿಯರು ವೈದ್ಯರಿಗೆ ಇದನ್ನು ಮುಚ್ಚಿಡಬಾರದು. ಇದಕ್ಕೂ ಬಗ್ಗದವರಿಗೆ 'ಬಯಾಲಜಿಕ್' ಎಂಬ ಚುಚ್ಚುಮದ್ದುಗಳಿವೆ. ದುಬಾರಿಯವು, ಕೊಡುವ ಮೊದಲು ಮೈಯಲ್ಲಿ ಕ್ಷಯ ಅಡಗಿದೆಯೇ ಎಂದು ನೋಡಲೇಬೇಕು. ಕೀಲುವಾತದ ತಜ್ಞರು ಹತ್ತಿರದಲ್ಲಿ ಸಿಗದಿದ್ದರೆ ಚರ್ಮರೋಗದ ವೈದ್ಯರಲ್ಲಿಗೇ ಹೋಗಿ. ಉಗುರನ್ನೂ ಬೆರಳನ್ನೂ ತೋರಿಸಿ, ಬೆಳಗಿನ ಬಿಗಿತ ಎಷ್ಟು ಹೊತ್ತೆಂದು ಗಡಿಯಾರ ನೋಡಿ ಬರೆದುಕೊಂಡು ಹೋಗಿ.

ಆ ಹೆಣ್ಣುಮಗಳಿಗೂ ಈಗ ಅದೇ ವಾರದ ಮಾತ್ರೆ. ಚರ್ಮ ಹತೋಟಿಗೆ ಬಂದಿದೆ. ಉಂಗುರದ ಬೆರಳು ಮಾತ್ರ ಬಾಗಿದ್ದು ಬಾಗಿಯೇ ಇದೆ. ಮೂಳೆ ಸವೆದಿದ್ದರಿಂದ ಅದು ಇನ್ನು ನೇರವಾಗದು ಎಂದಿದ್ದಾರೆ. ಖಾನಾವಳಿಯವರು ಕರೆಯಲಿಲ್ಲ. ಮನೆಯಲ್ಲೇ ಲಟ್ಟಿಸಿ ಕಟಿ ರೊಟ್ಟಿ ಮಾಡಿ ಮಾರುತ್ತಾಳೆ. ನಮ್ಮ ಮನೆಗೆ ವಾರಕ್ಕೆ ಇಪ್ಪತ್ತು ರೊಟ್ಟಿ ಅವಳಿಂದಲೇ ಬರುತ್ತವೆ. ಕಳೆದ ಸಂಕ್ರಾಂತಿಗೆ ಊಟಕ್ಕೆ ಬಂದಿದ್ದ ನಿಮ್ಮಲ್ಲಿ ಕೆಲವರು ರುಚಿ ನೋಡಿ, ಯಾರು ಮಾಡಿದ್ದೆಂದು ಕೇಳಿದ್ದಿರಿ.