ತಿಂಡಿ ತಿಂದು ಬಂದ ಬಸುರಿಯನ್ನು ವಾಪಸು ಕಳಿಸಬೇಡಿ

ಗರ್ಭಿಣಿಯರ ಸಕ್ಕರೆ ಕಾಯಿಲೆಯನ್ನು ಯಾವ ಪರೀಕ್ಷೆಯಿಂದ ಪತ್ತೆ ಹಚ್ಚಬೇಕು ಎಂಬ ಜಗಳ ನಮ್ಮ ವೈದ್ಯರ ನಡುವೆ ವರ್ಷಗಳಿಂದ ನಡೆದಿದೆ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಒಪ್ಪಿದ ಕ್ರಮದಲ್ಲಿ ಆಕೆ ಖಾಲಿ ಹೊಟ್ಟೆಯಲ್ಲಿ ಬರಬೇಕು. 75 ಗ್ರಾಂ ಗ್ಲೂಕೋಸ್ ಕುಡಿಯುವ ಮೊದಲೊಮ್ಮೆ, ಕುಡಿದ ಒಂದು ಗಂಟೆಗೆ, ಮತ್ತೆ ಎರಡು ಗಂಟೆಗೆ ರಕ್ತ ಕೊಡಬೇಕು. ಚೆನ್ನೈನ ಡಾ. ವಿ. ಶೇಷಯ್ಯ ಮತ್ತು ಸಂಗಡಿಗರು ರೂಪಿಸಿದ್ದು, ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿರುವುದು ಬೇರೆ ದಾರಿ. ಉಂಡು ಬಂದಿದ್ದರೂ ಸರಿ, ಅಷ್ಟೇ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಿ, ಎರಡು ಗಂಟೆಯ ನಂತರ ಒಂದೇ ಸಲ ನೋಡುವುದು. 140 ಮಿಲಿಗ್ರಾಂ ಮುಟ್ಟಿದರೆ ಕಾಯಿಲೆ.

ಇದನ್ನು ಕೈಬಿಡಿ ಎನ್ನುವವರ ಬಳಿ ಪುರಾವೆ ಇಲ್ಲದಿಲ್ಲ. ತಮಿಳುನಾಡಿನಲ್ಲೇ ನಡೆದ ಅಧ್ಯಯನವೊಂದರಲ್ಲಿ, ಖಾಲಿ ಹೊಟ್ಟೆಯ ಪರೀಕ್ಷೆಗೆ ಸಿಕ್ಕವರಲ್ಲಿ ಬಹುಪಾಲು ಮಂದಿ ಇದರ ಕಣ್ಣಿಗೆ ಬಿದ್ದಿರಲಿಲ್ಲ. ಅದು ಸಣ್ಣ ದೋಷವಲ್ಲ. ಹೆಣ್ಣುಮಕ್ಕಳು ಖಾಲಿ ಹೊಟ್ಟೆಯಲ್ಲಿ ಬರಬಲ್ಲ ದೊಡ್ಡ ಆಸ್ಪತ್ರೆಗಳು ಮೂರು ಸಲದ ಪರೀಕ್ಷೆಯನ್ನೇ ಮಾಡಲಿ, ನನ್ನ ತಕರಾರಿಲ್ಲ.

ಆದರೆ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬೆಳಗಿನ ಬಸ್ಸು ಹಿಡಿದು ಬರುವ ಬಸುರಿ ಏನಾದರೂ ತಿಂದೇ ಬಂದಿರುತ್ತಾಳೆ. ‘ನಾಳೆ ಖಾಲಿ ಹೊಟ್ಟೆಯಲ್ಲಿ ಬಾಮ್ಮ’ ಎಂದರೆ ಇನ್ನೊಂದು ದಿನದ ಕೂಲಿ ಹೋಯಿತು, ಜೊತೆಗೆ ಬರುವ ಅತ್ತೆಯನ್ನೋ ಗಂಡನನ್ನೋ ಮತ್ತೆ ಒಪ್ಪಿಸಬೇಕಾಯಿತು. ಆಕೆ ಬಾರದೇ ಹೋದರೆ ನಿಮ್ಮ ಅತಿ ನಿಖರ ಪರೀಕ್ಷೆ ಹಿಡಿದದ್ದೇನು?

ಈ ಕಾಯಿಲೆ ಹೆರಿಗೆಯೊಂದಿಗೆ ಮುಗಿಯುವ ಮಾತೂ ಅಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಯಲ್ಲಿ ಪರೀಕ್ಷಿಸಿದ ಗರ್ಭಿಣಿಯರಲ್ಲಿ ಶೇ. 6.2ರಷ್ಟು ಮಂದಿಗೆ ಈ ಕಾಯಿಲೆಯಿತ್ತು. ಸಂಶೋಧಕರು ಅವರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಒಂಬತ್ತು ವರ್ಷ ದಾಟುವಷ್ಟರಲ್ಲಿ ಆ ಮಕ್ಕಳ, ಅದರಲ್ಲೂ ಹೆಣ್ಣುಮಕ್ಕಳ, ಮೈಯಲ್ಲಿ ಕೊಬ್ಬು ಹೆಚ್ಚಿತ್ತು. ಇನ್ಸುಲಿನ್‌ಗೆ ದೇಹ ಸ್ಪಂದಿಸುವುದು ಕುಗ್ಗಿತ್ತು.

ನನ್ನ ಸಿಟ್ಟು ನಿಜವಾಗಿ ಇರುವುದು ಮೂರನೆಯದೊಂದು ಪದ್ಧತಿಯ ಮೇಲೆ. ಗ್ಲೂಕೋಸ್ ಕುಡಿಸದೆ, ಬಂದ ಕೂಡಲೇ ಬೆರಳು ಚುಚ್ಚಿ, ಮೀಟರಿನ ಅಂಕಿ ನೋಡಿ ತಾಯಿ ಕಾರ್ಡಿನಲ್ಲಿ ‘ನಾರ್ಮಲ್’ ಎಂದು ಬರೆದುಬಿಡುವುದು. ಅದು ಶೇಷಯ್ಯನವರ ಪರೀಕ್ಷೆಯೂ ಅಲ್ಲ, ವಿಶ್ವ ಆರೋಗ್ಯ ಸಂಸ್ಥೆಯದೂ ಅಲ್ಲ. ಹೆಣ್ಣುಮಗಳಿಗೆ ಮಾಡುವ ಮೋಸ. ಪರೀಕ್ಷೆಗೆ ಬೇಕಾದದ್ದು ಗ್ಲೂಕೋಸ್ ಪೊಟ್ಟಣ, ಕುಡಿಯುವ ನೀರು, ಎರಡು ಗಂಟೆ ಕೂರಲು ಬೆಂಚು, ಹೋಗಬಹುದಾದ ಶೌಚಾಲಯ. ಇಷ್ಟನ್ನು ಒದಗಿಸದ ಸರ್ಕಾರಕ್ಕೆ ಮಾರ್ಗಸೂಚಿ ಬರೆಯುವ ಹಕ್ಕೆಲ್ಲಿದೆ?

ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ ಗ್ಲೂಕೋಸ್ ಕುಡಿಸಿದರೇ, ಎರಡು ಗಂಟೆ ಕಾದರೇ ಎಂದು ಕೇಳಿ. ಮೊದಲ ತಪಾಸಣೆಯಲ್ಲಿ ಸರಿಯಿದ್ದರೂ 24ರಿಂದ 28ನೇ ವಾರದೊಳಗೆ ಮತ್ತೊಮ್ಮೆ ಮಾಡಿಸಿ. ಹಾಗೆಂದು ಮಾರ್ಗಸೂಚಿಯೇ ಹೇಳುತ್ತದೆ, ಹಕ್ಕಿನಿಂದ ಕೇಳಿ.