ಟಿಂಬಕ್ಟುವಿನ ಪೆಟ್ಟಿಗೆಗಳನ್ನು ತೆರೆಯುವವರು ಯಾರು?

ಆಫ್ರಿಕಾ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬರಗಾಲ, ಅಂತರ್ಯುದ್ಧ ಮತ್ತು ರೋಗ. ಈ ಚಿತ್ರ ತಾನಾಗಿ ಮೂಡಿದ್ದಲ್ಲ. ಜರ್ಮನಿಯ ತತ್ವಜ್ಞಾನಿ ಹೆಗೆಲ್ ಆ ಖಂಡವನ್ನು ಚರಿತ್ರೆಯಿಂದಲೇ ಹೊರಗಿಟ್ಟಿದ್ದರು. 1963ರಲ್ಲಿಯೂ ಆಕ್ಸ್‌ಫರ್ಡಿನ ಇತಿಹಾಸಕಾರ ಟ್ರೆವರ್ ರೋಪರ್, ಅಲ್ಲಿರುವುದು ಐರೋಪ್ಯರ ಇತಿಹಾಸ ಮಾತ್ರ, ಉಳಿದುದೆಲ್ಲ ಕತ್ತಲೆ ಎಂಬರ್ಥದ ಮಾತನ್ನಾಡಿದ್ದರು. ಅದೇ ವೇಳೆಗೆ ಮಾಲಿ ದೇಶದ ಟಿಂಬಕ್ಟು ನಗರದ ಮನೆಮನೆಗಳ ಪೆಟ್ಟಿಗೆಗಳಲ್ಲಿ ಶತಮಾನಗಳ ಹಸ್ತಪ್ರತಿಗಳು ಮೌನವಾಗಿ ಮಲಗಿದ್ದವು!

ಧರ್ಮಶಾಸ್ತ್ರ, ಖಗೋಳ, ವೈದ್ಯ, ವ್ಯಾಕರಣ, ವ್ಯಾಪಾರದ ಕರಾರುಗಳು, ಖಾಸಗಿ ಪತ್ರಗಳು ಹೀಗೆ ಒಂದು ಸಮಾಜದ ಇಡೀ ಬದುಕೇ ಅವುಗಳಲ್ಲಿದೆ. ಹೆಚ್ಚಿನವು ಅರಬಿಯಲ್ಲಿವೆ. ಕೆಲವು ಸ್ಥಳೀಯ ಭಾಷೆಗಳನ್ನು ಅರಬಿ ಲಿಪಿಯಲ್ಲಿ ಬರೆದವು. ಮಲಬಾರಿನ ಅರಬಿ ಮಲಯಾಳಂನಂತೆಯೇ ಇರುವ ಈ ಪದ್ಧತಿಗೆ ಅಲ್ಲಿ ಅಜಮಿ ಎಂದು ಹೆಸರು.

1973ರಲ್ಲಿ ಟಿಂಬಕ್ಟುವಿನಲ್ಲಿ ಅಹ್ಮದ್ ಬಾಬಾ ಕೇಂದ್ರ ಸ್ಥಾಪನೆಯಾಯಿತು. 2001ರಲ್ಲಿ ಅಲ್ಲಿಗೆ ಭೇಟಿ ನೀಡಿದ ದಕ್ಷಿಣ ಆಫ್ರಿಕಾದ ಅಧ್ಯಕ್ಷ ಥಾಬೊ ಎಂಬೆಕಿ ನೆರವಿನ ಭರವಸೆಯಿತ್ತರು. ಕೇಪ್‌ಟೌನ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನಾ ಯೋಜನೆಯೊಂದು ಆರಂಭವಾಯಿತು. ಈ ಕಾರ್ಯ ಇತಿಹಾಸಕಾರನೊಬ್ಬನಿಂದ ಆಗುವಂಥದ್ದಲ್ಲ. ಭಾಷೆ ಬಲ್ಲವರು, ಫಿಕ್ಹ್ ಅರಿತವರು, ಕಾಗದ ಮತ್ತು ಶಾಯಿಯನ್ನು ಪರೀಕ್ಷಿಸುವವರು, ಗಿಡಮೂಲಿಕೆಗಳ ಪರಿಚಯವುಳ್ಳವರು ಒಟ್ಟಾಗಿ ಕುಳಿತಾಗಲೇ ಒಂದು ಪುಟ ಪೂರ್ತಿಯಾಗಿ ಅರ್ಥವಾಗುತ್ತದೆ.

ಹೀಗೆ ಓದಿದಾಗ ಸಿಗುವುದು ಬರಿಯ ಹೆಮ್ಮೆಯಲ್ಲ, ಸತ್ಯ. ಆ ಕೇಂದ್ರಕ್ಕೆ ಹೆಸರು ಕೊಟ್ಟ ವಿದ್ವಾಂಸ ಅಹ್ಮದ್ ಬಾಬಾ (1556–1627), ಮೊರಾಕೊ ಸೇನೆಗೆ ಸೆರೆಯಾಗಿ ಮರ್ರಾಕೆಶ್‌ಗೆ ಒಯ್ಯಲ್ಪಟ್ಟವರು. ಬಿಡುಗಡೆಗೊಂಡು ಮರಳಿದ ಬಳಿಕ 1615ರಲ್ಲಿ ಬರೆದ ಕೃತಿಯಲ್ಲಿ ಅವರು, ಚರ್ಮದ ಬಣ್ಣ ಗುಲಾಮಗಿರಿಗೆ ಆಧಾರವಾಗದು ಎಂದು ಸ್ಪಷ್ಟವಾಗಿ ವಾದಿಸಿದರು. ಆದರೆ ಗುಲಾಮಗಿರಿಯನ್ನೇ ಅವರು ತಿರಸ್ಕರಿಸಲಿಲ್ಲ. ಮೊದಲನೆಯದನ್ನು ಹೇಳಿ ಎರಡನೆಯದನ್ನು ಮುಚ್ಚಿಡುವುದು ಪ್ರಚಾರ. ಎರಡನ್ನೂ ಹೇಳುವುದು ಸಂಶೋಧನೆ.

2012ರಲ್ಲಿ ಶಸ್ತ್ರಧಾರಿ ಗುಂಪುಗಳು ಟಿಂಬಕ್ಟುವನ್ನು ವಶಪಡಿಸಿಕೊಂಡವು. ಧರ್ಮದ ಹೆಸರಿನಲ್ಲಿ ಸೂಫಿ ಸಂತರ ಸಮಾಧಿಗಳನ್ನು ಕೆಡವಿದವು. 2013ರ ಜನವರಿಯಲ್ಲಿ ಪಲಾಯನಗೈಯುವಾಗ ಸುಮಾರು 4,000 ಹಸ್ತಪ್ರತಿಗಳನ್ನು ಬೆಂಕಿಗೆ ಹಾಕಿದವು. ಅಷ್ಟರಲ್ಲಾಗಲೇ ಅಬ್ದುಲ್ ಖಾದಿರ್ ಹೈದರಾ ಮತ್ತು ಸಂಗಡಿಗರು ಲಕ್ಷಗಟ್ಟಲೆ ಹಸ್ತಪ್ರತಿಗಳನ್ನು ಕಬ್ಬಿಣದ ಪೆಟ್ಟಿಗೆಗಳಲ್ಲಿ ತುಂಬಿ, ಕತ್ತೆಗಾಡಿ, ವಾಹನ, ದೋಣಿಗಳ ಮೂಲಕ ರಾಜಧಾನಿ ಬಮಾಕೊಗೆ ಸಾಗಿಸಿದ್ದರು. ಸುಟ್ಟವರೂ ಕಲಿಮಾ ಹೇಳುವವರೇ, ಪ್ರಾಣದ ಹಂಗು ತೊರೆದು ಉಳಿಸಿದವರೂ ಕಲಿಮಾ ಹೇಳುವವರೇ. ಜಗತ್ತಿನ ಮಾಧ್ಯಮಗಳು ಮೊದಲಿನವರನ್ನು ಹೆಚ್ಚು ತೋರಿಸಿದವು ಎಂದು ದೂರುವ ಮುನ್ನ, ಎರಡನೆಯವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು ಎಂದು ಕೇಳಿಕೊಳ್ಳಬೇಕು.

2025ರ ಆಗಸ್ಟ್‌ನಲ್ಲಿ ಆ ಪೆಟ್ಟಿಗೆಗಳು ಟಿಂಬಕ್ಟುವಿಗೆ ಮರಳತೊಡಗಿದವು. ಆದರೆ ಪೆಟ್ಟಿಗೆ ಉಳಿದ ಮಾತ್ರಕ್ಕೆ ಜ್ಞಾನ ಉಳಿಯುವುದಿಲ್ಲ. ಓದುವವರು ಬೇಕು. ಇದು ಟಿಂಬಕ್ಟುವಿಗೆ ಮಾತ್ರ ಅನ್ವಯಿಸುವ ಮಾತಲ್ಲ. ನಮ್ಮ ಸಮುದಾಯದ ಹೆತ್ತವರು ಮಗ ಡಾಕ್ಟರಾಗಲಿ, ಮಗಳು ಇಂಜಿನಿಯರಾಗಲಿ ಎಂದು ಹಾರೈಸುತ್ತಾರೆ. ಅದು ತಪ್ಪಲ್ಲ. ಆದರೆ ಇತಿಹಾಸ ಓದುತ್ತೇನೆ, ಹಳೆಯ ಲಿಪಿ ಕಲಿಯುತ್ತೇನೆ ಎನ್ನುವ ಮಗುವಿಗೆ ‘ಅದರಿಂದೇನು ಸಿಗುತ್ತದೆ?’ ಎಂದು ಕೇಳಿ ಬಾಯಿ ಮುಚ್ಚಿಸುತ್ತೇವೆ. ನಮ್ಮ ಚರಿತ್ರೆಯನ್ನು ಇತರರು ತಿರುಚಿದರೆಂದು ಭಾಷಣಗಳಲ್ಲಿ ದುಃಖಿಸುವ ನಾವು, ಅದನ್ನು ಬರೆಯಬಲ್ಲವರನ್ನು ಮನೆಯಲ್ಲೇ ತಡೆಯುತ್ತಿದ್ದೇವೆ. ಓದು ಎಂಬ ಆದೇಶದಿಂದ ಆರಂಭವಾದ ಗ್ರಂಥವನ್ನು ನಂಬುವವರಿಗೆ ಇದು ಶೋಭಿಸುವುದೇ?