ಉಣ್ಣುವವರ ತಟ್ಟೆ

ಮಾಲ್ದೀವ್ಸ್‌ನವರೂ ದೋಣಿಗೆ ‘ದೋನಿ’ ಎನ್ನುತ್ತಾರೆ, ಗೊತ್ತೇ? ಸಮುದ್ರದಾಳ ನೋಡಲು ಹೋದವರು ಅಲ್ಲಿ ವಾರವಿಡೀ ದೊಡ್ಡ ಬೋಟಿನಲ್ಲೇ ಉಂಡು, ಮಲಗಿ ದ್ವೀಪದಿಂದ ದ್ವೀಪಕ್ಕೆ ಸಾಗುತ್ತಾರೆ. ಉಸಿರಾಟದ ಸಿಲಿಂಡರುಗಳು ಜೊತೆಗೆ ಬರುವ ದೋನಿಯಲ್ಲಿ.

ಆದರೆ ಹನಿಫಾರು ಕೊಲ್ಲಿಯಲ್ಲಿ ಸಿಲಿಂಡರಿಗೆ ಪ್ರವೇಶವಿಲ್ಲ. ಮಳೆಗಾಲದಲ್ಲಿ ಅಲ್ಲಿ ಸೇರುವ ಸೂಕ್ಷ್ಮಜೀವಿಗಳನ್ನು ತಿನ್ನಲು ಮಾಂಟಾಗಳು ಹಿಂಡಾಗಿ ಬರುತ್ತವೆ. ನಮ್ಮ ಕರಾವಳಿಯ ತೊರಕೆ ಮೀನಿನ ಬಳಗ. ರೆಕ್ಕೆ ಹರಡಿದರೆ ಮೂರು ಮೀಟರ್! ಬಾಲದಲ್ಲಿ ಚುಚ್ಚುವ ಮುಳ್ಳೂ ಇಲ್ಲ, ಪಾಪ. ಜನ ಕೆಳಗಿಳಿದು ಅವುಗಳ ಊಟಕ್ಕೆ ಅಡ್ಡಿಯಾಗಬಾರದೆಂದು 2012ರಿಂದ ಸಿಲಿಂಡರ್ ಕಟ್ಟಿ ಮುಳುಗುವುದಕ್ಕೆ ನಿಷೇಧವಿದೆ.

ದುಡ್ಡು ಸುರಿದು ಬಂದವರು ಗೊಣಗಿರಬಹುದು. ಉಣ್ಣುವವರ ತಟ್ಟೆ ಇಣುಕಬೇಡ ಎಂದು ಮಕ್ಕಳಿಗೆ ನಾವು ಹೇಳುವುದಿಲ್ಲವೇ? ಈಗ ಮೇಲೆ ತೇಲುತ್ತಾ ನೋಡಬಹುದು, ಮುಟ್ಟುವಂತಿಲ್ಲ. ಅದೂ 45 ನಿಮಿಷ ಮಾತ್ರ.